ಪುರಾಣಿಕನ ವೇಗ

ಹುಬ್ಬಳ್ಳಿ
೨ ಜುಲೈ ೨೦೨೪

ಮಂದಾಕಿನಿ ಅಕ್ಕೋರಿಗೆ ಕಮರಿಪೇಟೆಯ ಶಿವಯೋಗೀಶನ ನಮಸ್ಕಾರಗಳು.

ನಿನ್ನೆ ನಿಮ್ಮ ಮನೆಯಿಂದ ಹೊರಡುವಾಗ ನೀವು ಒಂದು ಷರತ್ತು ಹಾಕಿದಿರಿ. "ನನ್ನ ಕಂಪ್ಯೂಟರಿನ್ಯಾಗ ಏನೇನು ಮುಟ್ಟೀದಿ, ಎಲ್ಲಾ ಬರದು ಕಳಸು. ಕಣ್ಣಿಲ್ಲದವರ ಮನ್ಯಾಗ ಕುರ್ಚಿ ಸರಿಸಿದವರು ಹೇಳಿ ಹೋಗಬೇಕು." ಫೋನಿನಲ್ಲಿ ಹೇಳುತ್ತೇನೆ ಎಂದೆ. "ಫೋನಿನ ಮಾತು ಹಾರಿ ಹೋಗ್ತದ. ಪತ್ರ ಕೂತಿರ್ತದ" ಎಂದಿರಿ. ಅದಕ್ಕೇ ಈ ಮಿಂಚಂಚೆ. ಪಿಯುಸಿ ಅರ್ಧಕ್ಕೆ ಬಿಟ್ಟ ಮೇಲೆ ನಾನು ಇಷ್ಟುದ್ದ ಏನನ್ನೂ ಬರೆದಿಲ್ಲ. ತಪ್ಪಿದ್ದರೆ ನಗಬೇಡಿ. ನಕ್ಕರೂ ಅಡ್ಡಿಯಿಲ್ಲ.

ನನಗಿಂತ ಮೊದಲು ರಿಪೇರಿಗೆ ಬಂದವನು ನಿಮ್ಮ ಸೆಟ್ಟಿಂಗುಗಳನ್ನೆಲ್ಲ ಅಳಿಸಿ, ಕಂಪ್ಯೂಟರನ್ನು ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಮಾಡಿಟ್ಟಿದ್ದ. ನೀವು ಹೇಳಿದಂತೆ ಎಲ್ಲವನ್ನೂ ಮರಳಿ ಕೂಡಿಸಿದ್ದೇನೆ. ಓದುವ ಧ್ವನಿ ಕನ್ನಡದ್ದು. ಅದರ ವೇಗ ನೂರಕ್ಕೆ ತೊಂಬತ್ತು. ಮುಖಪುಟದಲ್ಲಿ ಪತ್ರ, ಪಾಠ, ಧ್ವನಿಮುದ್ರಣ ಈ ಮೂರೇ ಇವೆ. ನಡುವೆ ನುಗ್ಗಿ ಬರುತ್ತಿದ್ದ ಜಾಹೀರಾತುಗಳನ್ನು ತಡೆದಿದ್ದೇನೆ. ಪಾಠದ ಹೊತ್ತಿನಲ್ಲಿ ಕಂಪ್ಯೂಟರು ತಾನಾಗಿ ಮುಚ್ಚಿ ತೆರೆಯುವುದಿಲ್ಲ. ಯಾರಾದರೂ ಪೆನ್‌ಡ್ರೈವ್ ಹಚ್ಚಿದರೆ ಮೊದಲು ವೈರಸ್ ಇದೆಯೇ ಎಂದು ನೋಡಿಯೇ ಒಳಗೆ ಬಿಡುತ್ತದೆ. ಈ ಎಲ್ಲ ಸೆಟ್ಟಿಂಗುಗಳ ಒಂದು ನಕಲನ್ನು ಬೇರೆ ತೆಗೆದಿಟ್ಟಿದ್ದೇನೆ. ಇನ್ನು ಯಾರು ಅಳಿಸಿದರೂ ಹೆದರಬೇಕಿಲ್ಲ.

ಇನ್ನು ಕೇಳದೇ ಬರೆಯುವ ಮಾತು. ನಿಮ್ಮ ಕಂಪ್ಯೂಟರಿಗೆ ಪರದೆಯೇ ಇಲ್ಲದ್ದನ್ನು ನೋಡಿ ನಾನು ಕದ್ದುಹೋಗಿದೆ ಎಂದುಕೊಂಡೆ. "ಅದನ್ನ ನೋಡಾವ್ರು ಯಾರು?" ಎಂದು ನೀವೇ ಕೇಳಿದಿರಿ. ಪರದೆ ಇರಬೇಕಾದ ಜಾಗದಲ್ಲಿ ಹಾರ್ಮೋನಿಯಂ ಇತ್ತು. ಚೀಲದಲ್ಲಿದ್ದ ನನ್ನ ಸಣ್ಣ ಪರದೆಯನ್ನೇ ಹಚ್ಚಿಕೊಂಡೆ. ಆಮೇಲೆ ಆ ಧ್ವನಿ ಶುರುವಾಯಿತು. ಬಿಸಿ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ. ಅದರಲ್ಲಿ ಮಾತಿದೆ ಎಂದೇ ನನಗೆ ಅನ್ನಿಸಲಿಲ್ಲ. ನೀವು ಅಡಿಕೆ ಕತ್ತರಿಸುತ್ತಲೇ "ಸ್ವಲ್ಪ ಕಾಯಿರಿ ಅನ್ಲಿಕ್ಕತ್ತದ. ಕಾಯಿ" ಎಂದಿರಿ. ನಾನು ತಿಳಿದವನ ಹಾಗೆ ತಲೆಯಾಡಿಸಿದೆ. ತಲೆಯಾಡಿಸಿದ್ದು ನಿಮಗೆ ಕಾಣಲಿಲ್ಲ, ಆದ್ದರಿಂದ ಹೇಳುತ್ತಿದ್ದೇನೆ: ಒಂದಕ್ಷರವೂ ತಿಳಿದಿರಲಿಲ್ಲ.

ಅದಕ್ಕೂ ಮೊದಲು, ನಾನಿನ್ನೂ ಮೆಟ್ಟಿಲು ಹತ್ತುತ್ತಿದ್ದಾಗಲೇ ಮೇಲಿನಿಂದ "ಎಡಗಾಲಿನ ಚಪ್ಪಲಿ ಉಂಗುಷ್ಟ ಹರದದ, ಹುಷಾರಾಗಿ ಬಾ" ಎಂದಿರಲ್ಲ, ಅದು ಹೇಗೆ ತಿಳಿಯಿತು? ರಾತ್ರಿ ಚಪ್ಪಲಿ ಕೈಯಲ್ಲಿ ಹಿಡಿದು ನೋಡಿದೆ. ಹರಿದದ್ದು ನನಗೇ ಗೊತ್ತಿರಲಿಲ್ಲ.

ಮೂಲೆಯಲ್ಲಿ ಎರಡು ತಂಬೂರಿ ಇದ್ದವು. ಒಂದಕ್ಕೆ ಗವಸು ಹಾಕಿತ್ತು. ಯಾಕೆ?

ನಿಮ್ಮ
ಶಿವಯೋಗೀಶ ಕುಬೇರಪ್ಪ


ಧಾರವಾಡ
೫ ಜುಲೈ ೨೦೨೪

ಚಿರಂಜೀವಿ ಶಿವಯೋಗೀಶನಿಗೆ ಆಶೀರ್ವಾದಗಳು.

ನೀನು ತಲೆಯಾಡಿಸಿದ್ದು ಗೊತ್ತಿತ್ತು. ನಿನ್ನ ಅಂಗಿಯ ಮೇಲಿನ ಗುಂಡಿ ಸಡಿಲಾಗಿದೆ, ಅದು ಸಪ್ಪಳ ಮಾಡುತ್ತದೆ.

ಆ ಧ್ವನಿಗೆ ನಾನು ಪುರಾಣಿಕ ಎನ್ನುತ್ತೇನೆ. ನನ್ನ ಚಿಕ್ಕಂದಿನಲ್ಲಿ ಚಾತುರ್ಮಾಸ ಬಂತೆಂದರೆ ಮಾಳಮಡ್ಡಿಯ ಮನೆಗೆ ಒಬ್ಬರು ಪುರಾಣ ಓದಲು ಬರುತ್ತಿದ್ದರು. ಅವರಿಗೆ "ಇನ್ನೊಮ್ಮೆ ಓದ್ರಿ" ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಈ ಪುರಾಣಿಕನಿಗೆ ಎಷ್ಟು ಸಲ ಬೇಕಾದರೂ ಹೇಳಬಹುದು, ಬೇಸರಿಸುವುದಿಲ್ಲ. ತೊಂಬತ್ತರ ವೇಗ ನನಗೆ ಒಂದೇ ದಿನದಲ್ಲಿ ಬಂದದ್ದಲ್ಲ. ದ್ರುತ ಲಯದ ತಾನಗಳನ್ನು ಕೇಳಿ ಪಳಗಿದ ಕಿವಿ, ಅಷ್ಟೇ.

ಗವಸಿನ ತಂಬೂರಿ ನನ್ನ ಪ್ರಾಯದ ದಿನಗಳದು. ಆಗ ಹಾರ್ಮೋನಿಯಂನ ಐದನೆಯ ಕರಿ ಮನೆಗೆ ಶ್ರುತಿ ಕೂಡಿಸಿ ಹಾಡುತ್ತಿದ್ದೆ. ಕರಿ ಐದು ಎನ್ನುತ್ತೇವೆ. ಈಗ ನನ್ನ ಗಂಟಲು ಕರಿ ಮೂರಕ್ಕೆ ಇಳಿದಿದೆ. ಇನ್ನೊಂದು ತಂಬೂರಿ ಅದಕ್ಕೆ. ಇದರಲ್ಲಿ ನಾಚಿಕೆಯೇನಿಲ್ಲ. ಗಂಟಲು ಇಳಿದ ಮೇಲೂ ಶ್ರುತಿ ಇಳಿಸದವರು ಹಾಡುವುದಿಲ್ಲ, ಕಿರುಚುತ್ತಾರೆ.

ಸಂಪದಾ ಕೂಡ ನಿನ್ನನ್ನು ನೆನೆದಳು. ಅವಳು ನನ್ನ ತಂಗಿಯ ಮಗಳು, ಬ್ಯಾಂಕಿನಲ್ಲಿ ಕೆಲಸ, ನನ್ನ ಜೊತೆಗೇ ಇರುತ್ತಾಳೆ. "ಕಂಪ್ಯೂಟರ್ ಕೆಟ್ಟಿಲ್ರಿ, ಬರೇ ಸೆಟ್ಟಿಂಗ್ ಅಳಸ್ಯಾರ" ಅಂತ ಬಾಗಿಲಲ್ಲೇ ಹೇಳಿದ ರಿಪೇರಿ ಹುಡುಗನನ್ನು ಅವಳು ಈವರೆಗೆ ನೋಡಿರಲಿಲ್ಲವಂತೆ.

ಇತಿ
ಮಂದಾಕಿನಿ


ಹುಬ್ಬಳ್ಳಿ
೧೯ ಆಗಸ್ಟ್ ೨೦೨೪

ಅಕ್ಕೋರಿಗೆ ನಮಸ್ಕಾರಗಳು.

"ಪುರಾಣಿಕನ ಸಕಾರ ಸವದದ, ಬಾಯಾಗ ಹತ್ತಿ ಇಟಗೊಂಡು ಓದಲಿಕ್ಕತ್ತಾನ" ಎಂದು ನೀವು ಹೇಳಿ ಕಳಿಸಿದ್ದರಿಂದ ನಿನ್ನೆ ಬಂದೆ. ಸ್ಪೀಕರು, ತಂತಿ, ಧ್ವನಿಯ ಕಡತ, ಎಲ್ಲವನ್ನೂ ನೋಡಿದೆ. ಹೊಸ ಸ್ಪೀಕರು ಹಚ್ಚಿ ನೋಡಿದೆ. ನನ್ನ ಕಿವಿಗೆ ಸಕಾರ ಸರಿಯಾಗಿಯೇ ಕೇಳಿಸಿತು. ನಮ್ಮ ಅಂಗಡಿಯ ಮಾಲೀಕ ಅರ್ಜುನಪ್ಪನವರು ಇಂಥ ಹೊತ್ತಿನಲ್ಲಿ ಏನಾದರೂ ಒಂದು ದೋಷ ಹೇಳಿಬಿಡು ಎನ್ನುತ್ತಾರೆ. "ಖರೇ ಹೇಳಿ ಹೇಳಿ ನನ್ನ ಅಂಗಡಿ ಮುಚ್ಚಸ್ತಿ" ಎಂದು ದಿನವೂ ಬೈಸಿಕೊಳ್ಳುತ್ತೇನೆ. ಆದರೂ ನನಗೆ ದೋಷ ಸಿಗಲಿಲ್ಲ, ಹಾಗೇ ಬರೆಯುತ್ತಿದ್ದೇನೆ.

ಬೇರೆ ಒಂದು ಸಂಗತಿ ಸಿಕ್ಕಿತು. ತೊಂಬತ್ತಿದ್ದ ವೇಗ ಈಗ ಅರವತ್ತಾಗಿದೆ. ಸಪ್ಪಳವನ್ನು ಯಾರೋ ಕೊನೆಯವರೆಗೆ ಏರಿಸಿದ್ದಾರೆ. ಧ್ವನಿಯನ್ನೂ ದಪ್ಪ ಮಾಡಿದ್ದಾರೆ. ಇವು ತಾವಾಗಿ ಬದಲಾಗುವಂಥವಲ್ಲ. ನಾನು ಮುಟ್ಟಿಲ್ಲ. ನೀವು ಮುಟ್ಟಿದ್ದರೆ ಒಂದು ಮಾತು ಬರೆಯಿರಿ, ನಕಲಿನಲ್ಲಿಯೂ ಹಾಗೇ ಮಾಡಿಡುತ್ತೇನೆ.

ನಿಮ್ಮನ್ನು ನೋಡಿ ನಾನೂ ಮನೆಯಲ್ಲಿ ಪುರಾಣಿಕನನ್ನು ಹಾಕಿಕೊಂಡಿದ್ದೇನೆ. ಕಣ್ಣು ಮುಚ್ಚಿ ಕೇಳುತ್ತೇನೆ. ಐವತ್ತರವರೆಗೆ ಹೇಗೋ ಹಿಂದೆ ಓಡಿದೆ. ಎಪ್ಪತ್ತಕ್ಕೆ ಬೆವರಿಳಿಯಿತು. ನಮ್ಮವ್ವ ಶಿವಬಸವ್ವ ಒಳಗಿನಿಂದ ಬಂದು "ಸಾಲ್ಯಾಗ ಮಾಸ್ತರು ನಿಧಾನಕ್ಕ ಓದಿದ್ರ ಎದ್ದು ಓಡಿ ಬರ್ತಿದ್ದಿ. ಈಗ ಈ ಪಿಶಾಚಿ ಮುಂದ ಕೈಕಟ್ಟಿ ಕುಂತಿ" ಎಂದಳು. ಅವಳು ಹೇಳಿದ್ದು ಖರೆ. ತೊಂಬತ್ತಕ್ಕೆ ಏರಿಸಿದಾಗಲಂತೂ ನೀರು ಬೀಳುವ ಸದ್ದಿನೊಳಗೆ ಯಾರೋ ನನ್ನನ್ನು ಕರೆಯುತ್ತಿದ್ದಾರೆ ಎನ್ನಿಸಿತು. ಅಲ್ಲಿ ನಿಮಗೆ ಪದಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ ಎಂಬುದನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ.

ನಿಮ್ಮ
ಶಿವಯೋಗೀಶ


ಧಾರವಾಡ
೨೨ ಆಗಸ್ಟ್ ೨೦೨೪

ಶಿವಯೋಗೀಶನಿಗೆ ಆಶೀರ್ವಾದಗಳು.

ನಾನು ಏನನ್ನೂ ಮುಟ್ಟಿಲ್ಲ.

ಈ ಮನೆಯಲ್ಲಿ ಇರುವವರು ಇಬ್ಬರೇ. ಸಂಪದಾ ರವಿವಾರ ತನ್ನ ಪರದೆ ಹಚ್ಚಿ ಇದರ ಮೇಲೆ ತನ್ನ ಕೆಲಸ ಮಾಡಿಕೊಳ್ಳುತ್ತಾಳೆ. ಪುರಾಣಿಕನ ವೇಗಕ್ಕೆ ಅವಳಿಗೆ ಮೊದಲಿನಿಂದಲೂ ತಲೆನೋವು. ನಿನ್ನೆ ಕೇಳಿದೆ. "ಇಲ್ಲ ಮೌಶಿ" ಎಂದಳು. ಮತ್ತೊಮ್ಮೆ ಕೇಳಿದೆ. ಎದ್ದು ಒಳಗೆ ಹೋದಳು.

ಬೀಗ ಹಾಕಲು ಬರುತ್ತದೆಯಲ್ಲ? ಮೊದಲ ದಿನ ಹೇಗಿತ್ತೋ ಹಾಗೆ ಮಾಡಿ ಬೀಗ ಹಾಕಿಬಿಡು. ಗುಪ್ತಪದ ನಿನ್ನ ಬಳಿಯೇ ಇರಲಿ, ಈ ಮನೆಯಲ್ಲಿ ಯಾರಿಗೂ ಬೇಡ. ನಾನೇ ಫೋನ್ ಮಾಡಿ ತೆಗೆ ಎಂದರೂ ತೆಗೆಯಬಾರದು. ಮಾತು ಕೊಡು.

ಇತಿ
ಮಂದಾಕಿನಿ


ಹುಬ್ಬಳ್ಳಿ
೨ ಸೆಪ್ಟೆಂಬರ್ ೨೦೨೪

ಅಕ್ಕೋರಿಗೆ ನಮಸ್ಕಾರಗಳು.

ನಿನ್ನೆ ಮಾಡಿದ್ದು: ಜುಲೈನಲ್ಲಿ ತೆಗೆದಿಟ್ಟ ನಕಲಿನಿಂದ ಪುರಾಣಿಕನ ಎಲ್ಲ ಸೆಟ್ಟಿಂಗುಗಳನ್ನು ಮರಳಿ ತಂದೆ. ವೇಗ ತೊಂಬತ್ತು. ಸಪ್ಪಳ, ಧ್ವನಿ ಎಲ್ಲ ಮೊದಲಿನಂತೆ. ನಂತರ ಬೀಗ ಹಾಕಿದೆ. ಇನ್ನು ಗುಪ್ತಪದವಿಲ್ಲದೆ ಯಾರೂ ವೇಗ ಇಳಿಸಲಾರರು, ಏರಿಸಲಾರರು. ನೀವೇ ಕೇಳಿದರೂ ತೆಗೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ನನ್ನ ಮಾತು ಗಟ್ಟಿ.

ಬೀಗ ಹಾಕುವಾಗ ನೀವು ಪಕ್ಕದಲ್ಲೇ ಇದ್ದಿರಿ. ಪುರಾಣಿಕ ತೊಂಬತ್ತರಲ್ಲಿ ಬಾಯಿಬಿಟ್ಟ ಕೂಡಲೇ "ಹೂಂ, ಹಿಂಗ ಇತ್ತು" ಎಂದಿರಿ. ನನಗೆ ಖುಷಿಯಾಯಿತು. ಪುರಾಣಿಕ ತನ್ನ ಜಾಗಕ್ಕೆ ಮರಳಿ ಬಂದು ಕುಳಿತ ಹಾಗೆ.

ಸಂಪದಾ ಅಕ್ಕ ಚಹಾ ತಂದಿಟ್ಟು ಒಳಗೆ ಹೋದರು. ಇನ್ನು ಮೇಲೆ ಆ ಕಂಪ್ಯೂಟರ್ ಮುಟ್ಟುವುದಿಲ್ಲ ಎಂದು ಮೆಟ್ಟಿಲ ಹತ್ತಿರ ನನಗೆ ಹೇಳಿದರು. ಅವರು ಸುಳ್ಳು ಹೇಳುವವರಂತೆ ನನಗೆ ಕಾಣಲಿಲ್ಲ. ಇದು ಸೆಟ್ಟಿಂಗಿನ ವಿಷಯವಲ್ಲ, ಆದರೂ ಕಂಡದ್ದನ್ನು ಬರೆದಿದ್ದೇನೆ.

ನಿಮ್ಮ
ಶಿವಯೋಗೀಶ


ಹುಬ್ಬಳ್ಳಿ
೧೬ ಸೆಪ್ಟೆಂಬರ್ ೨೦೨೪

ಅಕ್ಕೋರಿಗೆ ನಮಸ್ಕಾರಗಳು.

ಹಿಂದಿನ ಪತ್ರಕ್ಕೆ ನಿಮ್ಮ ಉತ್ತರ ಬಂದಿಲ್ಲ. ಪಾಠದ ಗಡಿಬಿಡಿ ಇರಬಹುದು.

ಒಂದು ವಿಷಯ ಕೇಳಬೇಕು. ನಾನು ಹಾಡು ಕಲಿಯುವವನಲ್ಲ, ನನ್ನ ದನಿ ಕೇಳಿದರೆ ನಮ್ಮ ಓಣಿಯ ನಾಯಿಗಳೂ ಎದ್ದು ಹೋಗುತ್ತವೆ. ಆದರೆ ನೀವು ಪಾಠ ಹೇಳುವಾಗ ಹೊರಗೆ ಮೆಟ್ಟಿಲ ಮೇಲೆ ಕುಳಿತು ಕೇಳಬಹುದೇ? ಸುಮ್ಮನೆ ಕೇಳುವುದನ್ನು ಕಲಿಯಬೇಕಾಗಿದೆ. ಎಲ್ಲಿಯೂ ಕುಳಿತುಕೊಳ್ಳಲಾಗದ ನಾನು ನಿಮ್ಮ ಮನೆಯಲ್ಲಿ ಮಾತ್ರ ಕುಳಿತಿದ್ದೇನೆ. ಬುಧವಾರ ಬರಲೋ, ಶನಿವಾರ ಬರಲೋ?

ನಿಮ್ಮ
ಶಿವಯೋಗೀಶ


ಧಾರವಾಡ
೧೯ ಸೆಪ್ಟೆಂಬರ್ ೨೦೨೪

ಶಿವಯೋಗೀಶನಿಗೆ ಆಶೀರ್ವಾದಗಳು.

ಪತ್ರ ಮುಟ್ಟಿತು. ಇಲ್ಲಿ ಎಲ್ಲವೂ ಸರಿಯಾಗಿದೆ. ನಿನ್ನ ಕೆಲಸದಿಂದ ಸಂತೋಷವಾಗಿದೆ.

ಮಂದಾಕಿನಿ


ಹುಬ್ಬಳ್ಳಿ
೪ ಅಕ್ಟೋಬರ್ ೨೦೨೪

ಅಕ್ಕೋರಿಗೆ ನಮಸ್ಕಾರ.

ಬುಧವಾರವೋ ಶನಿವಾರವೋ ಎಂದು ಕೇಳಿದ್ದೆ. ಎಲ್ಲ ಸರಿಯಾಗಿದೆ ಎಂದು ಬರೆದಿರಿ. ಅದು ಉತ್ತರವಲ್ಲ. ಮತ್ತೆ ಕೇಳಿದೆ. ಏನೂ ಬರಲಿಲ್ಲ. ಫೋನ್ ಮಾಡಿದೆ. ಸಂಪದಾ ಅಕ್ಕ ಎತ್ತಿದರು. "ಮಾತಾಡೂದಿಲ್ಲ ಅಂತಾರಪಾ" ಎಂದರು. ಬೇಡವೆಂದರೆ ಬೇಡ ಎನ್ನಿ. ನನಗೆ ಸಿಟ್ಟು ಬರುವುದಿಲ್ಲ. ಸುಳ್ಳು. ಬರುತ್ತದೆ. ಆದರೆ ಹೋಗುತ್ತದೆ. ನಾನು ಏನು ತಪ್ಪು ಮಾಡಿದೆ? ಕಂಪ್ಯೂಟರಿನಲ್ಲಿಯೋ, ಮಾತಿನಲ್ಲಿಯೋ? ತಿಳಿಸಿ. ರವಿವಾರ ಬರುತ್ತೇನೆ.

ಶಿವಯೋಗೀಶ


ಹುಬ್ಬಳ್ಳಿ
೭ ಅಕ್ಟೋಬರ್ ೨೦೨೪

ಅಕ್ಕೋರಿಗೆ ನಮಸ್ಕಾರಗಳು.

ಈ ಪತ್ರವನ್ನು ಪುರಾಣಿಕ ಓದುತ್ತಿಲ್ಲ. ಕಾಗದದ ಮೇಲೆ ಕೈಯಿಂದ ಬರೆದು ಅಂಚೆಯ ಡಬ್ಬಿಗೆ ಹಾಕಿದ್ದೇನೆ. ಓದುತ್ತಿರುವವರು ಸಂಪದಾ ಅಕ್ಕ. ಅಕ್ಕಾ, ಮೌಶಿಯ ಹತ್ತಿರ ಕುಳಿತು ನಿಧಾನವಾಗಿ ಓದಿರಿ. ಏನನ್ನೂ ಬಿಡಬೇಡಿ. ನಿಮ್ಮ ಬಗ್ಗೆ ಬರೆದದ್ದನ್ನೂ ಬಿಡಬೇಡಿ.

ಅಕ್ಕೋರೆ, ನಿನ್ನೆ ನಾನು ಕಂಪ್ಯೂಟರಿನಲ್ಲಿ ಏನನ್ನೂ ಮುಟ್ಟಲಿಲ್ಲ. ಆದರೆ ನಿಮಗೆ ಕಾಣದ ಕೆಲವು ಸಂಗತಿಗಳು ನಡೆದವು. ನಿಮ್ಮ ನಿಯಮದ ಪ್ರಕಾರ ಅವನ್ನು ಬರೆಯಬೇಕು.

ಜುಲೈನಲ್ಲಿ ಹಾಕಿಕೊಂಡು ಬಂದ ಅದೇ ಚಪ್ಪಲಿಯಲ್ಲಿ ಮೆಟ್ಟಿಲು ಹತ್ತಿದೆ. ಇನ್ನೂ ಹೊಲಿಸಿಲ್ಲ. ಮೇಲಿನಿಂದ ಯಾವ ಮಾತೂ ಬರಲಿಲ್ಲ. ಬಾಗಿಲು ತೆರೆದೇ ಇತ್ತು. ನೀವು ಕಂಪ್ಯೂಟರಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಿರಿ. ಪುರಾಣಿಕ ತೊಂಬತ್ತರಲ್ಲಿ ಓದುತ್ತಿದ್ದ. ನೀವು ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಿರಿ. ಅಕ್ಕೋರೆ ಎಂದೆ. ಮತ್ತೆ ಎಂದೆ. ಹತ್ತಿರ ಬಂದು ಮೂರನೆಯ ಸಲ ಕರೆದಾಗ ಬೆಚ್ಚಿ "ಯಾರು?" ಎಂದಿರಿ.

ನನ್ನ ಅಂಗಿಯ ಗುಂಡಿಯ ಸಪ್ಪಳ ಹಿಡಿದಿದ್ದ ನೀವು "ಯಾರು" ಎಂದು ಕೇಳಿದಿರಿ. ಒಂದೇ ಪದ. ಅದರಲ್ಲಿ ನನಗೆ ಎಲ್ಲ ತಿಳಿಯಿತು. ಸವೆದದ್ದು ಪುರಾಣಿಕನ ಸಕಾರವಾಗಿರಲಿಲ್ಲ.

"ಕೇಳಸವಲ್ದೇನ್ರಿ ಅಕ್ಕೋರೆ?" ಎಂದೆ.

"ಕೇಳಸ್ತದ. ತಿಳೀವಲ್ದು" ಎಂದಿರಿ.

"ಹಂಗಾರ ಇಷ್ಟ ದಿನ ಕುಂತು ಏನ್ ಕೇಳಾಕತ್ತಿದ್ರಿ?"

"ಲಯಾ."

ಆಮೇಲೆ ನೀವು ಹೇಳಿದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ಬೀಗದ ಪತ್ರದೊಳಗೆ ಒಬ್ಬ ಕಿಸೆಯಲ್ಲಿ ಕೈ ಇಟ್ಟುಕೊಂಡು ಜಂಬದಿಂದ ನಡೆಯುತ್ತಿದ್ದ ಎಂದಿರಿ. ಅದರ ಕೊನೆಗೆ ಅವನ ಹೆಜ್ಜೆ ಸಣ್ಣಗಾಯಿತು ಎಂದಿರಿ. ಅದು ಸಂಪದಾ ಅಕ್ಕನ ಬಗ್ಗೆ ಬರೆದ ಜಾಗ. ಮುಂದಿನ ಪತ್ರದ ಬಾಲ ಮೇಲಕ್ಕೆ ಎದ್ದಿತ್ತು, ಏನೋ ಕೇಳಲಿಕ್ಕತ್ತಾನ ಎಂದು ತಿಳಿಯಿತು, ಏನು ಎಂದು ತಿಳಿಯಲಿಲ್ಲ ಎಂದಿರಿ. "ಕಡೀ ಪತ್ರ ಏದುಸಿರು ಬಿಡ್ತಿತ್ತು. ಇಂವ ಇನ್ನ ಬರ್ತಾನ ಅಂತ ಬಾಗಲಾ ತಗದ ಇಟ್ಟಿದ್ದೆ." ಒಂದೊಂದೇ ಅಕ್ಷರವಾಗಿ ಕೀಲಿಮಣೆಯ ಗುಂಡಿ ಒತ್ತಿ, ಮತ್ತೆ ಮತ್ತೆ ಕೇಳಿ, ನೀವು ಬಿಡಿಸಿದ್ದು ಕೆಳಗಿನ ನನ್ನ ಹೆಸರನ್ನಷ್ಟೇ ಅಂತೆ.

ಅಕ್ಕೋರೆ, ಬೀಗ ಹಾಕಿದ ಮೇಲೆ ನಾನು ಬರೆದದ್ದರಲ್ಲಿ ಒಂದು ಪದವೂ ನಿಮ್ಮನ್ನು ಮುಟ್ಟಿರಲಿಲ್ಲ. ಬರೆಯುವಾಗ ನನ್ನ ಎದೆಯೊಳಗೆ ಆದದ್ದೆಲ್ಲ ಮುಟ್ಟಿತ್ತು. ಧಾರವಾಡದಿಂದ ಬಸ್ಸಿನಲ್ಲಿ ಮರಳುವಾಗ ನವಲೂರು ದಾಟಿದ್ದೂ ಉಣಕಲ್ ಕೆರೆ ಬಂದದ್ದೂ ನನಗೆ ಗೊತ್ತಾಗಲಿಲ್ಲ. ಇಂಥ ಕಿವಿಯೂ ಇರುತ್ತದೆಯೇ ಎಂದು ಅದನ್ನೇ ಯೋಚಿಸುತ್ತಿದ್ದೆ. ಅರ್ಧ ಹೋದ ಮೇಲೂ ಇಷ್ಟು ಕೇಳುವ ಕಿವಿ.

ಈಗ ನಿಮಗೆ ಕಾಣದಿದ್ದದ್ದು. ನೀವು "ತಿಳೀವಲ್ದು" ಎಂದಾಗ ಸಂಪದಾ ಅಕ್ಕ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ತೊಳೆದ ತಾಟು ಇತ್ತು. ನಾವು ಮಾತು ಮುಗಿಸುವವರೆಗೂ ಅಲ್ಲಿಯೇ ನಿಂತಿದ್ದರು. ತಾಟಿನಿಂದ ನೀರು ಹನಿಯುತ್ತಿತ್ತು. ಅವರು ಅಳುತ್ತಿದ್ದರು, ಸದ್ದಿಲ್ಲದೆ ಅಲ್ಲ. ನೀವು ತಿರುಗಲಿಲ್ಲ. ವೇಗ ಇಳಿಸಿದವರು ಅವರಲ್ಲ ಎಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಬೀಗ ತೆಗೆಯಲೇ ಎಂದು ಕೇಳಿದೆ. "ನಾನ ಹೇಳಿದ್ರೂ ತಗೀಬ್ಯಾಡ ಅಂದಿದ್ದೆ. ಮಾತು ಕೊಟ್ಟೀದಿ" ಎಂದಿರಿ. ಹೌದು, ಕೊಟ್ಟಿದ್ದೇನೆ. ನಾನು ತೆಗೆಯುವುದಿಲ್ಲ. ಆದರೆ ಗುಪ್ತಪದ ಹೇಳುವುದಿಲ್ಲ ಎಂದು ನಾನು ಎಂದೂ ಮಾತು ಕೊಟ್ಟಿಲ್ಲ. ಅವತ್ತಿನ ನಿಮ್ಮ ಪತ್ರವನ್ನು ಮತ್ತೆ ಓದಿದೆ. ಈ ಮನೆಯಲ್ಲಿ ಯಾರಿಗೂ ಬೇಡ ಎಂದು ನೀವು ಬರೆದಿದ್ದಿರಿ. ನಾನು ಅದಕ್ಕೆ ಹೂಂ ಅಂದಿರಲಿಲ್ಲ.

ಬೀಗ ಹಾಕುವಾಗ ನನಗೆ ಬೇರೇನೂ ನೆನಪಾಗದೆ ನಿಮ್ಮ ಪತ್ರದ ಒಂದು ಮಾತನ್ನೇ ಇಟ್ಟೆ. ಗುಪ್ತಪದ: ಕರಿಮೂರು.

ನಿಮ್ಮ
ಶಿವಯೋಗೀಶ


ಧಾರವಾಡ
೧೦ ನವೆಂಬರ್ ೨೦೨೪

ಚಿರಂಜೀವಿ ಶಿವಯೋಗೀಶನಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಸಂಪದಾ ಓದಿದಳು. ತಾಟಿನ ಮಾತಿಗೆ ಬಂದು ಓದು ನಿಲ್ಲಿಸಿದಳು. "ಮುಂದ ಓದು" ಎಂದೆ. "ಮುಂದ ನಾನ ಇದ್ದೇನಿ ಮೌಶಿ" ಎಂದಳು. ಆಮೇಲೆ ಓದಿದಳು. ಅವಳಿಗೆ ಹೇಳಬೇಕಾದದ್ದನ್ನು ಅಂದೇ ಹೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟು ದಿನ ಬರೆಯಲಿಲ್ಲ. ಹೊಸ ಕಿವಿಗೆ ಹೊಂದಿಕೊಳ್ಳುತ್ತಿದ್ದೆ. ವಿದ್ಯಾನಗರದ ಒಂದು ದವಾಖಾನೆಯಲ್ಲಿ ಕಿವಿಗೆ ಯಂತ್ರ ಕೊಟ್ಟಿದ್ದಾರೆ. ಅಲ್ಲಿಯ ಹುಡುಗಿ ಅದಕ್ಕೆ ಕಂಪ್ಯೂಟರಿನ ತಂತಿ ಹಚ್ಚಿ ಏನೇನೋ ಏರಿಸಿದಳು, ಇಳಿಸಿದಳು. "ಏನೇನು ಮುಟ್ಟೀದಿ, ಎಲ್ಲಾ ಬರದು ಕೊಡವಾ" ಎಂದೆ. ಸಂಪದಾ ನಕ್ಕಳು. ನಕ್ಕದ್ದು ಕೇಳಿಸಿತು. ಸಕಾರ ಪೂರ್ತಿ ಮರಳಿಲ್ಲ, ಮರಳುವುದಿಲ್ಲವಂತೆ. ತಂಬೂರಿಯ ಜವಾರಿ, ತಂತಿಯ ಆ ಝೇಂಕಾರ, ಮೊದಲಿನ ಹಾಗಿಲ್ಲ. ತಗಡಿನ ಮೇಲೆ ಮಳೆ ಬಿದ್ದ ಹಾಗಿದೆ. ಅದರೊಳಗೆ ಷಡ್ಜ ಎಲ್ಲಿದೆ ಎಂದು ದಿನವೂ ಹುಡುಕುತ್ತೇನೆ. ಸಿಗುತ್ತದೆ. ಅರವತ್ತು ವರ್ಷ ಹಾಡಿದ ಮೇಲೂ ಅದು ಸಿಕ್ಕಾಗ ಬೆರಗಾಗುತ್ತದೆ.

ನೀನು ಕಳಿಸಿದ್ದ ಪತ್ರಗಳನ್ನೆಲ್ಲ ಪುರಾಣಿಕನಿಂದ ಮತ್ತೆ ಓದಿಸಿದೆ, ಈ ಸಲ ಪದಗಳ ಸಮೇತ. ನಿನ್ನ ಓಣಿಯ ನಾಯಿಗಳ ಮಾತು ಲಯದಲ್ಲಿ ತಿಳಿದಿರಲಿಲ್ಲ. ಅದಕ್ಕೆ ನಕ್ಕೆ.

ಶನಿವಾರ ಬಾ. ಮೆಟ್ಟಿಲ ಮೇಲೆ ಬೇಡ, ಒಳಗೆ ಕೂಡು. ಚಪ್ಪಲಿ ಹೊಲಿಸಬೇಡ. ಹೊಸ ಕಿವಿಯಿಂದ ಒಮ್ಮೆ ಅದನ್ನು ಕೇಳಬೇಕು.

ಇನ್ನು ನಿಯಮದ ಪ್ರಕಾರ ಬರೆಯಬೇಕಾದದ್ದು. ಗುಪ್ತಪದ ನಾನೇ ಒತ್ತಿದೆ. ಬೀಗ ತೆಗೆದಿದ್ದೇನೆ, ಮತ್ತೆ ಹಾಕಬೇಡ. ವೇಗ ದಿನಕ್ಕೊಂದಿರುತ್ತದೆ. ತಂಬೂರಿಯನ್ನು ದಿನವೂ ಕೂಡಿಸುವುದಿಲ್ಲವೇ, ಹಾಗೆ. ಇವತ್ತು ನಲವತ್ತೈದು. ಬದಲಿಸಿದವಳು ನಾನು. ಆಗಸ್ಟಿನಲ್ಲಿಯೂ ನಾನೇ.

ಇತಿ
ಮಂದಾಕಿನಿ